ಠಾಣೆಗೆ ಹೋದ ಅಣ್ಣ ಬರಲಿಲ್ಲ, ಈಗ ಸೈನ್ ಹಾಕಿ ಅಂತಿದ್ದಾರೆ

ಪ್ರಶ್ನೆ: ನಮ್ಮದು ಮಧುಗಿರಿ ಕಡೆ ಒಂದು ಹಳ್ಳಿ. ಅಣ್ಣ ಗೂಡ್ಸ್ ಆಟೋ ಓಡಿಸುತ್ತಿದ್ದ. ಕಳ್ಳತನದ ಅನುಮಾನ ಅಂತ ಪೊಲೀಸರು ಒಂದು ಸಂಜೆ ಕರೆದುಕೊಂಡು ಹೋದರು. ರಾತ್ರಿ ಊಟದ ಡಬ್ಬಿ ತಗೊಂಡು ಹೋದೆ, ಒಳಗೆ ಬಿಡಲಿಲ್ಲ. ಬೆಳಿಗ್ಗೆ ಎದೆನೋವು ಬಂದು ತೀರಿಕೊಂಡ ಅಂದರು. ಅವನ ಅಂಗಿ, ಚಪ್ಪಲಿ ಪ್ಲಾಸ್ಟಿಕ್ ಕವರ್‌ನಲ್ಲಿ ಕೊಟ್ಟರು. ಎರಡು ತಿಂಗಳಾಯ್ತು. 'ಅರೆಸ್ಟೇ ಮಾಡಿರಲಿಲ್ಲ, ಸುಮ್ನೆ ವಿಚಾರಣೆಗೆ ಕರೆಸಿದ್ದು' ಅಂತಾರೆ. ಮೂರು ಲಕ್ಷ ಕೊಡಿಸ್ತೀವಿ, ಒಂದು ಸೈನ್ ಹಾಕಿ ಅಂತ ಊರಿನ ಕೆಲವರು ಅತ್ತಿಗೆಗೆ ಗಂಟು ಬಿದ್ದಿದ್ದಾರೆ. ಆಟೋ ಸಾಲದವರೂ ಬಾಗಿಲಿಗೆ ಬರ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಓದಿ ಹೊಟ್ಟೆ ಉರಿಯಿತು. ಮೊದಲ ಮಾತು, ಅತ್ತಿಗೆ ಯಾವ ಕಾಗದಕ್ಕೂ ಸೈನ್ ಹಾಕುವುದು ಬೇಡ. ಹೊಡೆದು ಸಾಯಿಸಿದ್ದರೆ ಅದು ಊರಿನವರು ಕೂತು ರಾಜಿ ಮಾಡುವ ವಿಷಯವೇ ಅಲ್ಲ.

ಅರೆಸ್ಟ್ ಮಾಡಿರಲಿಲ್ಲ ಅನ್ನುವ ಮಾತಿಗೆ ಹೆದರಬೇಡಿ. ಎದ್ದು ಮನೆಗೆ ಹೋಗಲು ಬಿಡದೆ ಠಾಣೆಯಲ್ಲಿ ಕೂರಿಸಿಕೊಂಡಿದ್ದರೆ ಅದು ವಶದಲ್ಲಿ ಇಟ್ಟುಕೊಂಡ ಹಾಗೇ. ನೀವು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಿರಿ ಅಲ್ವಾ, ನೀವೇ ಒಬ್ಬ ಸಾಕ್ಷಿ. ಎಷ್ಟು ಗಂಟೆಗೆ ಹೋದಿರಿ, ಯಾರು ತಡೆದರು, ಏನಂದರು, ಎಲ್ಲವನ್ನೂ ನೆನಪು ಮಾಸುವ ಮೊದಲು ಬರೆದಿಡಿ. ಅಂಗಿಯನ್ನು ಒಗೆಯಬೇಡಿ. ಪ್ಲಾಸ್ಟಿಕ್‌ನಲ್ಲಿ ಬೂಷ್ಟು ಹಿಡಿಯುತ್ತದೆ, ಪೇಪರ್ ಕವರ್‌ಗೆ ಹಾಕಿ ಮ್ಯಾಜಿಸ್ಟ್ರೇಟ್ ಮುಂದೆ ಕೊಡಿ. ಪೊಲೀಸ್ ವಶದಲ್ಲಿ ಸಾವಾದರೆ ಪೊಲೀಸ್ ತನಿಖೆ ಸಾಲದು, ಮ್ಯಾಜಿಸ್ಟ್ರೇಟ್ ವಿಚಾರಣೆಯೂ ನಡೆಯಲೇಬೇಕು, ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಕಾನೂನು) 196ನೇ ಕಲಂ ಹಾಗೆ ಹೇಳುತ್ತದೆ. ಅದು ಶುರುವಾಗಿದೆಯಾ ಕೇಳಿ. ಪೋಸ್ಟ್‌ಮಾರ್ಟಮ್ ವರದಿ, ವಿಡಿಯೊ ಎರಡರ ನಕಲನ್ನೂ ಕೇಳಿ.

ಈಗ ಜಾಸ್ತಿ ಅವಸರ ಇರುವುದು ಸಿಸಿಟಿವಿಗೆ. ಠಾಣೆಯ ದೃಶ್ಯಗಳನ್ನು 18 ತಿಂಗಳು, ಅಷ್ಟು ಆಗದಿದ್ದರೆ ಕನಿಷ್ಠ 1 ವರ್ಷ ಉಳಿಸಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಕ್ಯಾಮೆರಾ ಕೆಟ್ಟಿತ್ತು ಅನ್ನುವ ಉತ್ತರ ಬರಬಹುದು, ಅದಕ್ಕೇ ಆ ದಿನದ ದೃಶ್ಯ ಅಳಿಸಬೇಡಿ ಅಂತ ಎಸ್‌ಪಿಗೆ ಇವತ್ತೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಿ, ಅದಕ್ಕೆ ಒಂದು ವರ್ಷದ ಗಡುವಿದೆ.

ಪರಿಹಾರದ ವಿಷಯ. ಒಡಿಶಾದ ನೀಲಾಬತಿ ಬೆಹೆರಾ ಎಂಬ ತಾಯಿಯ ಮಗ ಪೊಲೀಸ್ ವಶದಲ್ಲಿ ಸತ್ತಾಗ, 1993ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದಿಂದಲೇ 1.5 ಲಕ್ಷ ಕೊಡಿಸಿತು. ಆ ತೀರ್ಪಿನ ಬಲದ ಮೇಲೆ ಹೈಕೋರ್ಟ್‌ಗೆ ರಿಟ್, ಅಂದರೆ ಮೂಲಭೂತ ಹಕ್ಕಿಗೆ ಧಕ್ಕೆಯಾದಾಗ ನೇರವಾಗಿ ಹಾಕುವ ಅರ್ಜಿ, ಹಾಕಬಹುದು. ಇಷ್ಟೇ ಅಂತ ನಿಗದಿ ಮೊತ್ತ ಇಲ್ಲ, ಅಣ್ಣನ ವಯಸ್ಸು, ದುಡಿಮೆ, ನಂಬಿಕೊಂಡವರು ಎಷ್ಟು ಜನ ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಸಂಪಾದನೆಯ ದಾಖಲೆ ಹುಡುಕಿಡಿ. ಪೊಲೀಸರ ಮೇಲಿನ ಕ್ರಿಮಿನಲ್ ಕೇಸು ಬೇರೆ, ಇದು ಬೇರೆ. ಒಂದು ಮುಗಿಯಲಿ ಅಂತ ಇನ್ನೊಂದು ಕಾಯಬೇಕಿಲ್ಲ.

ಆಟೋ ಸಾಲಕ್ಕೆ ಅತ್ತಿಗೆಯೋ ನೀವೋ ಜಾಮೀನು ಹಾಕಿಲ್ಲದಿದ್ದರೆ, ಅಣ್ಣ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ ವಸೂಲಿ ಮಾಡಬಹುದು. ನಿಮ್ಮ ಕೈಯಿಂದ ಕೊಡಬೇಕಿಲ್ಲ. ಸಾಲಕ್ಕೆ ವಿಮೆ ಇತ್ತಾ, ಪತ್ರ ನೋಡಿ. ಅಣ್ಣನ ಪಾಸ್‌ಬುಕ್‌ನಲ್ಲಿ 436 ರೂಪಾಯಿ ಕಡಿತ ಕಂಡರೆ ಅದು ಜೀವನ್ ಜ್ಯೋತಿ ವಿಮೆ ಇರಬಹುದು, ಬ್ಯಾಂಕಿನಲ್ಲಿ ಕೇಳಿ, 2 ಲಕ್ಷ ಬರುತ್ತದೆ.

ವಕೀಲರ ಫೀಸಿನ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ನೆರವು ಉಚಿತ. ಅತ್ತಿಗೆಯ ಹೆಸರಲ್ಲೇ ಅರ್ಜಿ ಹಾಕಿಸಿ. 15100ಕ್ಕೆ ಫೋನ್ ಮಾಡಿ, ಇಲ್ಲವೇ ತುಮಕೂರು ಕೋರ್ಟ್‌ನಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಆ ಮೂರು ಲಕ್ಷದ ಕಾಗದದ ಫೋಟೊ ಸಿಕ್ಕರೆ ಅದನ್ನೂ ವಕೀಲರಿಗೆ ತೋರಿಸಿ.