ಎಕ್ಸ್ ಎಂದರೆ ಚೀಲವಲ್ಲ, ಅದರ ತೂಕ

ಪ್ರಶ್ನೆ: ಮಗಳು ಏಳನೇ ಕ್ಲಾಸು. 3ಎಕ್ಸ್ + 5 = 200 ಅಂತ ಕೊಟ್ಟರೆ 3ಎಕ್ಸ್ = 205 ಎಂದು ಬರೆಯುತ್ತಾಳೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಹೇಗೆ ಹೇಳಿಕೊಡಲಿ?
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ‘ಆಚೆ ಹೋದರೆ ಚಿಹ್ನೆ ಬದಲು’ ಎಂಬ ಬಾಯಿಪಾಠ ಕೈಕೊಡುವುದೇ ಹೀಗೆ. ಸದ್ಯಕ್ಕೆ ಅದನ್ನು ಬದಿಗಿಡಿ. ಒಂದೇ ತೂಕದ ಮೂರು ಚೀಲ ಅಡಿಕೆ, ಜೊತೆಗೆ 5 ಕೆ.ಜಿ. ಬಿಡಿ ಅಡಿಕೆ, ಒಟ್ಟು 200 ಕೆ.ಜಿ. ಎನ್ನಿ. ಬಿಡಿ ಅಡಿಕೆ ತೆಗೆದರೆ ಎಷ್ಟುಳಿಯಿತು? 195. ಮೂರರಿಂದ ಭಾಗಿಸಿದರೆ 65. ಎಕ್ಸ್ ಎಂದರೆ ಚೀಲವಲ್ಲ, ಒಂದು ಚೀಲದ ತೂಕ. ಮಕ್ಕಳು ಎಡವುವುದು ಇಲ್ಲೇ. ‘ಎರಡೂ ಕಡೆ 5 ಕಳೆ’ ಎಂದು ಪ್ರತಿ ಹೆಜ್ಜೆಯನ್ನೂ ಅಂಚಿನಲ್ಲಿ ಬರೆಸಿ. ಸಾಲಿಗೆ ಒಂದೇ ಸಮಚಿಹ್ನೆ ಇರಲಿ. ಕೊನೆಗೆ ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ ತಾಳೆ ನೋಡಿಸಿ: 3 × 65 + 5 = 200. ಇಷ್ಟಕ್ಕೆ ನಿಮಗೆ ಬೀಜಗಣಿತ ಬರಬೇಕೆಂದೇನಿಲ್ಲ, ಮಗ್ಗಿ ಸಾಕು.

ಮುಂದೆ ಆವರಣ ಬಂದಾಗ –2(ಎಕ್ಸ್ – 3) ಬಿಡಿಸಿದರೆ –2ಎಕ್ಸ್ + 6. ಮಕ್ಕಳು –6 ಬರೆದುಬಿಡುತ್ತಾರೆ. ಅದು ಪದೇಪದೇ ಆದರೆ ತೊಂದರೆ ಬೀಜಗಣಿತದ್ದಲ್ಲ, ಋಣಸಂಖ್ಯೆಗಳ ಗುಣಾಕಾರದ್ದು. ಮೊದಲು ಅದನ್ನು ಗಟ್ಟಿ ಮಾಡಿಸಿ. ದಿನಕ್ಕೆ ನಾಲ್ಕೈದು ಲೆಕ್ಕ ಸಾಕು; ಭಾನುವಾರ ಕೂರಿಸಿಕೊಂಡು ನಲವತ್ತು ಮಾಡಿಸುವುದು ಬೇಡ.