ಎರಡು ಹೆಸರು, ಒಂದೇ ಔಷಧ: ಪಾದ ಉರಿಯುವ ಒಂದು ಪ್ರಕರಣ

ಹೆಸರು, ಊರು, ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಲಾಗಿದೆ. ಇವರನ್ನು ಗಂಗವ್ವ ಎನ್ನೋಣ. ವಯಸ್ಸು 57, ಉತ್ತರ ಕರ್ನಾಟಕದ ಒಂದು ಸಣ್ಣ ಪಟ್ಟಣ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ದಿನಕ್ಕೆ ನೂರೈವತ್ತು ರೊಟ್ಟಿ ಎಂದರೆ ಐದು ತಾಸು ಒಲೆಯ ಮುಂದೆ. ಸಕ್ಕರೆ ಕಾಯಿಲೆ ಬಂದು 12 ವರ್ಷ. ಆಪ್ತಸಲಹೆಗೆ ಕರೆತಂದವಳು ಸೊಸೆ: "ಅತ್ತಿ ಒಮ್ಮೆ ಎಲ್ಲಾ ಗುಳಿಗಿ ನುಂಗ್ತಾರ, ಒಮ್ಮೆ ಎಲ್ಲಾ ಬಿಡ್ತಾರ. ರಾತ್ರಿ ಮಲಗಂಗಿಲ್ರಿ, ಕುಂತು ಅಳ್ತಾರ."

ಗಂಗವ್ವ ತಮ್ಮ ತೊಂದರೆಯನ್ನು ಹೇಳಿದ್ದು ಹೀಗೆ: "ಪಾದಕ್ಕ ಹಸಿ ಖಾರ ಹಚ್ಚಿದಂಗ ಉರಿತೈತ್ರಿ. ಆದ್ರ ಚಪ್ಪಲಿ ಕಾಲಾಗಿಂದ ಜಾರಿ ಬಿದ್ರೂ ಗೊತ್ತಾಗಂಗಿಲ್ಲ." ಮಗನಿಗೆ ಇದೇ ಅನುಮಾನ: ಅಷ್ಟು ಉರಿಯುವ ಕಾಲಿಗೆ ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲವೆ? ಅವ್ವ ನಾಟಕ ಮಾಡುತ್ತಾಳೆ ಎಂದೇ ಅವನು ತಿಳಿದಿದ್ದ. ಮೊದಲು ಬಿಡಿಸಬೇಕಾದ ಗಂಟು ಇದು. ಸಕ್ಕರೆ ಕಾಯಿಲೆಯಿಂದ ನೋವು ಮತ್ತು ಬಿಸಿಯ ಸುದ್ದಿ ಒಯ್ಯುವ ಸಣ್ಣ ನರಗಳು ಹಾಳಾದಾಗ ಕಾರಣವಿಲ್ಲದೆ ಉರಿಯ ಸಂಕೇತ ಕಳಿಸುತ್ತಲೇ ಇರುತ್ತವೆ. ಸ್ಪರ್ಶದ ದಪ್ಪ ನರಗಳು ಹಾಳಾದಾಗ ಸುಮ್ಮನಾಗುತ್ತವೆ. ಎರಡೂ ಒಂದೇ ಪಾದದಲ್ಲಿ ಒಟ್ಟಿಗೆ ನಡೆಯಬಹುದು. ಅತಿ ಉದ್ದದ ನರಗಳು ಮೊದಲು ಸೊರಗುವುದರಿಂದ ತೊಂದರೆ ಶುರುವಾಗುವುದು ಕಾಲ್ಬೆರಳ ತುದಿಯಲ್ಲಿ. ಮಗನನ್ನು ಕರೆಸಿ, ಅವನ ಎದುರಿಗೇ ತಾಯಿಯ ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿ ಪರೀಕ್ಷಿಸಲಾಯಿತು. ಹತ್ತು ಜಾಗಗಳಲ್ಲಿ ಏಳು ಅವರಿಗೆ ತಿಳಿಯಲೇ ಇಲ್ಲ. ಮಗ ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆ ಗುಳಿಗೆಯ ಚೀಲವನ್ನು ಮೇಜಿನ ಮೇಲೆ ಸುರಿಸಿದ್ದು. ಇಂಥ ಪ್ರಕರಣಗಳಲ್ಲಿ ಅರ್ಧ ಉತ್ತರ ಚೀಲದಲ್ಲೇ ಇರುತ್ತದೆ, ಚೀಟಿ ಮಾತ್ರ ನೋಡಿದರೆ ಸಿಗುವುದಿಲ್ಲ. ಸಕ್ಕರೆ ನೋಡುವ ಡಾಕ್ಟರು ಬರೆದ ಕ್ಯಾಪ್ಸೂಲು ಬೆಳಿಗ್ಗೆ ಒಂದು, ರಾತ್ರಿ ಒಂದು. ಸೊಂಟದ ನೋವಿಗೆಂದು ಹೋದಾಗ ಮೂಳೆ ಡಾಕ್ಟರು ಬರೆದ ಇನ್ನೊಂದು ಗುಳಿಗೆ ರಾತ್ರಿಗೆ. ಹೆಸರು ಬೇರೆ, ಬಣ್ಣ ಬೇರೆ, ಕಂಪನಿ ಬೇರೆ. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರವನ್ನು ಸೊಸೆಯಿಂದಲೇ ಓದಿಸಲಾಯಿತು. ಮೊದಲನೆಯದು ನರದ ನೋವಿನ ಔಷಧ ಪ್ರೆಗಾಬಲಿನ್ 75 ಮಿಲಿಗ್ರಾಂ, ಎರಡನೆಯದು ಅದೇ ಪ್ರೆಗಾಬಲಿನ್ 75 ಜೊತೆಗೆ ನರದ ನೋವಿನ ಇನ್ನೊಂದು ಔಷಧ ನಾರ್ಟ್ರಿಪ್ಟಿಲಿನ್ 10. ಅಂದರೆ ದಿನಕ್ಕೆ 225 ಮಿಲಿಗ್ರಾಂ ಪ್ರೆಗಾಬಲಿನ್ ಹೋಗುತ್ತಿತ್ತು, ಇಬ್ಬರು ಡಾಕ್ಟರಿಗೂ ಗೊತ್ತಿಲ್ಲದೆ. ಒಬ್ಬರ ತಪ್ಪು ಎನ್ನಲಾಗದು. ಎರಡು ಆಸ್ಪತ್ರೆ ಸುತ್ತುವವರು ಎರಡು ಕಡೆಗೂ ಒಂದೇ ಚೀಲ ಒಯ್ಯದಿದ್ದರೆ ಹೀಗಾಗುತ್ತದೆ.

ಇದಕ್ಕೆ ಕೂಡಿಕೊಂಡದ್ದು ಮೂತ್ರಪಿಂಡ. ಅದರ ಕೆಲಸ ತಿಳಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ 1.4. ನೋಡಲು ಸಣ್ಣ ಸಂಖ್ಯೆ, ಆದರೆ ಆ ವಯಸ್ಸಿನ ಹೆಂಗಸಿನಲ್ಲಿ ಅದರರ್ಥ ಸೋಸುವ ಪ್ರಮಾಣ, ಅಂದರೆ ಇಜಿಎಫ್ಆರ್, ಸುಮಾರು 44. ಪ್ರೆಗಾಬಲಿನ್ ದೇಹದಿಂದ ಹೊರಹೋಗುವುದು ಬಹುಪಾಲು ಮೂತ್ರದಲ್ಲೇ. ಸೋಸುವಿಕೆ 60ಕ್ಕಿಂತ ಕೆಳಗಿದ್ದರೆ ಪ್ರಮಾಣವನ್ನು ಅರ್ಧಕ್ಕೆ ಇಳಿಸುವುದು ರೂಢಿ. ಅವರಿಗೆ 75 ಕೊಟ್ಟರೆ ಒಳಗೆ 150 ಕೊಟ್ಟ ಹಾಗೆ.

"ಯಾವಾಗಲೂ ತಲೆ ತಿರುಗುತ್ತದೆ" ಎಂಬ ದೂರನ್ನು ಹಾಗೇ ಒಪ್ಪಿಕೊಂಡರೆ ಏನೂ ತಿಳಿಯುವುದಿಲ್ಲ. ಒಂದು ವಾರ ಕ್ಯಾಲೆಂಡರಿನ ಚೌಕದಲ್ಲೇ ಮೂರು ಗುರುತು ಹಾಕಲು ಸೊಸೆಗೆ ಹೇಳಲಾಯಿತು: ಗುಳಿಗೆ ನುಂಗಿದ ಗಂಟೆ, ತಲೆ ತಿರುಗಿದ ಗಂಟೆ, ಆಗ ಗ್ಲೂಕೋಮೀಟರಿನಲ್ಲಿ ಸಕ್ಕರೆ ಎಷ್ಟು. ವಾರದ ಕೊನೆಗೆ ಎರಡು ಹೊತ್ತು ಎದ್ದು ಕಂಡವು. ಬೆಳಿಗ್ಗೆ ಏಳೂವರೆಗೆ ಬರೀ ಚಹದ ಮೇಲೆ ಕ್ಯಾಪ್ಸೂಲು ನುಂಗಿದರೆ ಒಂಬತ್ತಕ್ಕೆ ಒಲೆಯ ಮುಂದೆ ಜೋಲಿ ಬರುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ಈ ಔಷಧ ರಕ್ತದಲ್ಲಿ ತುದಿಗೇರುವುದು ಒಂದೂವರೆ ತಾಸಿಗೆ. ಸಕ್ಕರೆ ಆಗ 132, ಅಂದರೆ ಸಕ್ಕರೆ ಇಳಿದು ಬಂದ ತಲೆತಿರುಗು ಅಲ್ಲ. ಇನ್ನೊಂದು ಬೆಳಗಿನ ಜಾವ ನಾಲ್ಕೂವರೆಗೆ, ಒಲೆ ಹೊತ್ತಿಸಲು ಏಳುವಾಗ. ರಾತ್ರಿ ಹತ್ತೂವರೆಗೆ ನುಂಗಿದ ಎರಡು ಪಾಲು ಪ್ರೆಗಾಬಲಿನ್, ಒಂದು ಪಾಲು ನಾರ್ಟ್ರಿಪ್ಟಿಲಿನ್ ಇನ್ನೂ ಇಳಿದಿರಲಿಲ್ಲ. ಗಂಗವ್ವ ಒಮ್ಮೆ ಬಿದ್ದದ್ದೂ ಆಗಲೇ, ಬಚ್ಚಲಿನಲ್ಲಿ. ಮಲಗಿದಾಗ ಮೇಲಿನ ರಕ್ತದೊತ್ತಡ 136, ನಿಂತು ಎರಡು ನಿಮಿಷಕ್ಕೆ 112. ನಿಂತಾಗ 20 ಅಥವಾ ಹೆಚ್ಚು ಕುಸಿದರೆ ಅದು ಲೆಕ್ಕಕ್ಕೆ ಬರುತ್ತದೆ, ನಾರ್ಟ್ರಿಪ್ಟಿಲಿನ್ ಅದನ್ನು ಹೆಚ್ಚಿಸುತ್ತದೆ.

ಬಿದ್ದ ಮೇಲೆ ಗಂಗವ್ವ ಹೆದರಿ ಎಲ್ಲ ಗುಳಿಗೆ ಒಂದೇ ದಿನ ಬಿಟ್ಟಿದ್ದರು. ಮೂರು ರಾತ್ರಿ ನಿದ್ದೆಯಿಲ್ಲ, ಬೆವರು, ಓಕರಿಕೆ, ಉರಿ ಮೊದಲಿಗಿಂತ ಜಾಸ್ತಿ. ರೋಗ ಏರಿತೆಂದು ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ಡೈಕ್ಲೊಫೆನಾಕ್ ತಂದು ನುಂಗಿದರು. ಏರಿದ್ದು ರೋಗವಲ್ಲ. ಪ್ರೆಗಾಬಲಿನ್ ದಿಢೀರನೆ ನಿಲ್ಲಿಸಿದರೆ ಹೀಗೇ ಆಗುತ್ತದೆ, ಕನಿಷ್ಠ ಒಂದು ವಾರದಲ್ಲಿ ಹಂತಹಂತವಾಗಿ ಇಳಿಸಬೇಕು. ಡೈಕ್ಲೊಫೆನಾಕ್ ನರದ ಉರಿಗೆ ಕೆಲಸ ಮಾಡುವುದಿಲ್ಲ. ಮೊದಲೇ ದಣಿದ ಮೂತ್ರಪಿಂಡಕ್ಕೆ ಅದು ಪೆಟ್ಟು.

ಗುಳಿಗೆ ಬದಲಿಸುವುದು ಆಪ್ತಸಲಹೆಗಾರರ ಕೆಲಸವಲ್ಲ. ಇಬ್ಬರೂ ಡಾಕ್ಟರಿಗೆ ತೋರಿಸಲು ಒಂದೇ ಹಾಳೆ ಸಿದ್ಧವಾಯಿತು: ಎಲ್ಲ ಗುಳಿಗೆಗಳ ಒಳಗಿನ ಔಷಧದ ಹೆಸರು ಮತ್ತು ಪ್ರಮಾಣ, ವಾರದ ಗುರುತುಗಳು, ಕ್ರಿಯಾಟಿನಿನ್, ಮಲಗಿ-ನಿಂತು ನೋಡಿದ ಒತ್ತಡ. ಸಕ್ಕರೆಯ ಡಾಕ್ಟರು ಮೊದಲ ವಾರ ಬೆಳಗಿನ ಕ್ಯಾಪ್ಸೂಲನ್ನೂ ಎರಡನೇ ವಾರ ಮೂಳೆ ಡಾಕ್ಟರ ಗುಳಿಗೆಯನ್ನೂ ನಿಲ್ಲಿಸಿದರು. ಉಳಿದದ್ದು ರಾತ್ರಿ 75 ಒಂದೇ, ಅದೂ ಹತ್ತೂವರೆಗಲ್ಲ, ಎಂಟಕ್ಕೆ. ಸೋಸುವಿಕೆ ಕಡಿಮೆ ಎಂದು ಸಕ್ಕರೆಯ ಗುಳಿಗೆ ಮೆಟ್‌ಫಾರ್ಮಿನನ್ನು 2000ದಿಂದ 1000 ಮಿಲಿಗ್ರಾಂಗೆ ಇಳಿಸಿದರು. ಗಂಗವ್ವನ ಪಾದಗಳು ಬಾತಿದ್ದವು, ಆ ಬಾವು ಬರಲು ಪ್ರೆಗಾಬಲಿನ್ ಜೊತೆಗೆ ಬಿಪಿಯ ಅಮ್ಲೊಡಿಪಿನ್ ಕೂಡ ಕಾರಣವಾಗಬಹುದಾದ್ದರಿಂದ ಅದನ್ನೂ ಬದಲಿಸಿದರು. ಈ ಬಾವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬಾತ ಕಾಲಿಗೆ ಹಳೇ ಚಪ್ಪಲಿ ಬಿಗಿಯಾಗುತ್ತದೆ, ಸ್ಪರ್ಶವಿಲ್ಲದ ಕಾಲಿಗೆ ಬಿಗಿ ತಿಳಿಯುವುದಿಲ್ಲ, ಗುಳ್ಳೆ ಎದ್ದು ಒಡೆದು ಹುಣ್ಣಾಗುತ್ತದೆ. ಗುಳಿಗೆಯ ಅಡ್ಡಪರಿಣಾಮ ಹುಣ್ಣಿನವರೆಗೆ ಹೋಗುವ ದಾರಿ ಇದು.

ನರಕ್ಕೆ ಬೇಕಾದ ವಿಟಮಿನ್ ಬಿ12ರ ಪರೀಕ್ಷೆ ಮಾಡಿಸಲು ಕೇಳಿಕೊಂಡದ್ದು ಫಲ ಕೊಟ್ಟಿತು: 148 ಪಿಕೋಗ್ರಾಂ, ಇರಬೇಕಾದ 200ಕ್ಕಿಂತ ಕೆಳಗೆ. ಹತ್ತು ವರ್ಷಕ್ಕೂ ಮೇಲ್ಪಟ್ಟು ಮೆಟ್‌ಫಾರ್ಮಿನ್, ದಿನಾ ಬೆಳಿಗ್ಗೆ ಗ್ಯಾಸಿನ ಗುಳಿಗೆ, ಶಾಕಾಹಾರ, ಮೂರೂ ಒಂದೇ ಕಡೆ ಎಳೆದಿದ್ದವು. ಮೊದಲು ಇಂಜೆಕ್ಷನ್, ಆಮೇಲೆ ಗುಳಿಗೆ ಎಂದಾಯಿತು. ತಾವಾಗಿಯೇ "ನರದ ವಿಟಮಿನ್" ಕೊಂಡು ತಿಂಗಳುಗಟ್ಟಲೆ ನುಂಗುವವರಿಗೆ ಇಲ್ಲೊಂದು ಮಾತು: ಬಿ6, ಅಂದರೆ ಪಿರಿಡಾಕ್ಸಿನ್, ಅತಿಯಾದರೆ ಅದೇ ನರವನ್ನು ಕೆಡಿಸುತ್ತದೆ. ಸ್ಟ್ರಿಪ್ಪಿನಲ್ಲಿ ಪಿರಿಡಾಕ್ಸಿನ್ ಎಷ್ಟು ಮಿಲಿಗ್ರಾಂ ಎಂದು ಓದಿ, ಡಾಕ್ಟರಿಗೆ ತೋರಿಸಿ.

ಒಲೆಯ ವಿಷಯಕ್ಕೆ ಹೆಚ್ಚು ಹೊತ್ತು ಹಿಡಿಯಿತು. ನೆಲದ ಮೇಲೆ ಚಕ್ಕಳಮಕ್ಕಳ ಕೂತು ರೊಟ್ಟಿ ಬಡಿಯುವಾಗ ಎಡಗಾಲಿನ ಹೊರಬದಿ ಒಲೆಯಿಂದ ಗೇಣು ದೂರ. ಅಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಸುಟ್ಟ ಕಲೆಯಿತ್ತು, ಯಾವಾಗ ಸುಟ್ಟಿತೆಂದು ಅವರಿಗೇ ಗೊತ್ತಿಲ್ಲ. ಕೆಲಸ ಬಿಡಿ ಎನ್ನುವುದು ಸುಲಭ, ಮನೆ ನಡೆಯುವುದೇ ಅದರಿಂದ. ಗ್ಯಾಸ್ ಒಲೆಯನ್ನು ಕಟ್ಟೆಯ ಮೇಲಿಟ್ಟು, ಎತ್ತರದ ಸ್ಟೂಲಿನ ಮೇಲೆ ಕೂತು ಬಡಿಯುವುದು, ಮುಕ್ಕಾಲು ತಾಸಿಗೊಮ್ಮೆ ಏಳುವುದು. ಕಾಲು ಮಡಚಿ ತಾಸುಗಟ್ಟಲೆ ಕೂತರೆ ಮೊಣಕಾಲ ಪಕ್ಕದ ನರವೂ ಒತ್ತುತ್ತದೆ. ಹಂಚಿನ ಮೇಲೆ ರೊಟ್ಟಿ ಒತ್ತಲು ಬೆರಳಲ್ಲ, ಹಸಿ ಅರಿವೆ. ರಾತ್ರಿ ಪಾದಕ್ಕೆ ಕಾಯಿಸಿದ ಇಟ್ಟಿಗೆಯ ಶಾಖ, ಬಿಸಿನೀರಲ್ಲಿ ಉಪ್ಪು ಹಾಕಿ ಕಾಲು ನೆನೆಸುವುದು, ಎರಡೂ ಬಂದ್. ಸ್ನಾನದ ನೀರನ್ನು ಸೊಸೆ ಮೊಣಕೈ ಅದ್ದಿ ನೋಡಬೇಕು. ಎಂಸಿಆರ್ ಎಂಬ ಮೆತ್ತನೆಯ ರಬ್ಬರ್ ಅಟ್ಟೆಯ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಮನೆಯೊಳಗೂ. ಅಳತೆ ಕೊಡುವುದು ಸಂಜೆ, ಕಾಲು ಬಾತಿರುವಾಗ. ಕೊಬ್ಬರಿ ಎಣ್ಣೆ ಪಾದಕ್ಕೆ ಸರಿ, ಬೆರಳ ಸಂದಿಗೆ ಬೇಡ. ಆಣಿಗೆ ಪಟ್ಟಿ ಅಂಟಿಸಬಾರದು, ಅದರ ಆಮ್ಲ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ.

ನೋವಿನ ಅಂಕ ಶುರುವಿನಲ್ಲಿ ಹತ್ತಕ್ಕೆ 8. ಸೊನ್ನೆ ಮಾಡುವ ಗುಳಿಗೆ ಇಲ್ಲ, 4ಕ್ಕೆ ಬಂದರೆ ಗೆದ್ದ ಹಾಗೆ ಎಂದು ಮೊದಲೇ ಒಪ್ಪಿಸಲಾಗಿತ್ತು. ಹೀಗೆ ಹೇಳದಿದ್ದರೆ ಎರಡನೇ ವಾರಕ್ಕೇ ಗುಳಿಗೆ ಕಸದ ಬುಟ್ಟಿಗೆ ಹೋಗುತ್ತದೆ. ಅಳು ಹೆಚ್ಚಿದ ದಿನಗಳಲ್ಲಿ, ಅದರಲ್ಲೂ ಸಾಯುವ ಮಾತು ಬಂದರೆ, ಕಾಯದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಡಾಕ್ಟರಿಗೂ ತಿಳಿಸಲು ಸೊಸೆಗೆ ಹೇಳಲಾಯಿತು. ನರದ ನೋವಿನ ಕೆಲವು ಔಷಧಗಳಿಂದಲೂ ಮನಸ್ಸು ಕುಗ್ಗಬಹುದು. ಆರು ವಾರಕ್ಕೆ ಅಂಕ 4 ಅಥವಾ 5, ಐದು ತಾಸು ನಿದ್ದೆ, ಬಾವು ಇಳಿದಿದೆ, ತಲೆತಿರುಗು ಇಲ್ಲ. ಬೆಳಗಿನ ಜಾವ ಎದ್ದು ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕೂರುವುದು ರೂಢಿಯಾಗಿದೆ. ಆದರೆ ನೈಲಾನ್ ಎಳೆ ಈಗಲೂ ಏಳು ಜಾಗದಲ್ಲಿ ತಿಳಿಯುವುದಿಲ್ಲ. ಉರಿ ಕಡಿಮೆಯಾಯಿತೆಂದು ಗಂಗವ್ವ ಚಪ್ಪಲಿ ಬಿಟ್ಟು ಅಂಗಳಕ್ಕೆ ಹೋಗತೊಡಗಿದ್ದರು. ಗುಳಿಗೆ ಉರಿಯನ್ನು ಮಾತ್ರ ಇಳಿಸುತ್ತದೆ, ಸ್ಪರ್ಶವನ್ನು ತಂದುಕೊಡುವುದಿಲ್ಲ ಎಂದು ಮತ್ತೊಮ್ಮೆ ಹೇಳಬೇಕಾಯಿತು.

ಕೊನೆಯ ಪ್ರಶ್ನೆ ಅವರದೇ. ಯುಗಾದಿಗೆ ಶ್ರೀಶೈಲಕ್ಕೆ ಬರಿಗಾಲಲ್ಲಿ ಪಾದಯಾತ್ರೆ ಹೋಗುವ ಹರಕೆ ಇತ್ತು. ಹರಕೆ ಬಿಡಿ ಎನ್ನಲಿಲ್ಲ. ಬಸ್ಸಿನಲ್ಲಿ ಹೋಗುವುದು, ಗುಡಿಯ ಕಲ್ಲುಹಾಸು ಕಾಯುವ ಮೊದಲೇ ದರ್ಶನ ಮುಗಿಸುವುದು, ಗುಡಿಯಲ್ಲಿ ಬಿಡುವುದಾದರೆ ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳುವುದು, ಹೊರಬಂದ ಕೂಡಲೇ ಸೊಸೆ ಎರಡೂ ಅಂಗಾಲು ನೋಡುವುದು. "ಮಲ್ಲಯ್ಯ ಒಪ್ತಾನ್ರಿ?" ಎಂದರು. ಅದಕ್ಕೆ ಸೊಸೆಯೇ ಉತ್ತರ ಕೊಟ್ಟಳು: "ನಾ ನಿಮ್ಮ ಪಾಲಿಂದೂ ನಡೀತೀನಿ ಬಿಡ್ರಿ ಅತ್ತಿ."