ಸಾವಿರ ಜನ ಒಟ್ಟಿಗೇ ಬಂದರೆ

ಶಿರಸಿಯ ಓದುಗರೊಬ್ಬರ ಪತ್ರ: “ನಾವು ಕೆಲವರು ಸೇರಿ ಫೇಸ್‌ಬುಕ್‌ನಲ್ಲಿ ಕೈತೋಟದ ಬಳಗ ಕಟ್ಟಿದೆವು. ಒಬ್ಬರ ಗಿಡಕ್ಕೆ ರೋಗ ಬಂದರೆ ಹತ್ತು ಜನ ತಲೆ ಕೆಡಿಸಿಕೊಳ್ಳುತ್ತಿದ್ದರು. ಒಂದು ವಿಡಿಯೊ ಎಲ್ಲೆಡೆ ಹರಿದಾಡಿ, ಕೆಲವೇ ವಾರಗಳಲ್ಲಿ ಸಾವಿರಾರು ಮಂದಿ ಸೇರಿದರು. ಈಗ ಬರೀ ಅದದೇ ಪ್ರಶ್ನೆ, ಗೊಬ್ಬರದ ಜಾಹೀರಾತು, ಜಗಳ. ಹಳಬರು ಮಾತಾಡುವುದನ್ನೇ ಬಿಟ್ಟಿದ್ದಾರೆ. ಹೊಸಬರನ್ನು ಸೇರಿಸುವುದು ನಿಲ್ಲಿಸೋಣವೇ?”

ಸಂಪಾದಕರ ಉತ್ತರ:

ನಿಮ್ಮ ಸಂಕಟ ಅರ್ಥವಾಗುತ್ತದೆ. ನಾವೇ ಕಟ್ಟಿದ ಜಾಗದಲ್ಲಿ ನಾವೇ ಹೊರಗಿನವರಾದರೆ ನೋವಾಗುತ್ತದೆ. ಆದರೂ ಬಾಗಿಲು ಹಾಕಬೇಡಿ. ಯಾಕೆಂದು ಹೇಳುತ್ತೇನೆ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ವಿದ್ಯಾರ್ಥಿಗಳು ಯೂಸ್‌ನೆಟ್ ಎಂಬ ಚರ್ಚಾಜಾಲದ ಯೋಚನೆ ಮಾಡಿದರು. ಅದು ಬೇಗ ಹಬ್ಬಿತು. ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಲೇಜು ಶುರುವಾದಾಗ ಹೊಸ ಹುಡುಗರು ನುಗ್ಗುತ್ತಿದ್ದರು. ಕೇಳಿದ್ದನ್ನೇ ಕೇಳುವುದು, ಎಲ್ಲೆಂದರಲ್ಲಿ ಬರೆಯುವುದು ನಡೆಯುತ್ತಿತ್ತು. ಹಳಬರು ಗದರುತ್ತಿದ್ದರು, ತಿದ್ದುತ್ತಿದ್ದರು, ಸಾಮಾನ್ಯ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟ ಪಟ್ಟಿ ತೋರಿಸುತ್ತಿದ್ದರು. ಸ್ವಲ್ಪ ದಿನದಲ್ಲಿ ಎಲ್ಲ ತಹಬಂದಿಗೆ ಬರುತ್ತಿತ್ತು. 1993-94ರ ಹೊತ್ತಿಗೆ ಎಒಎಲ್‌ನಂಥ ಇಂಟರ್ನೆಟ್ ಸೇವೆಯ ಕಂಪನಿಗಳು ಮನೆಯಲ್ಲಿ ಕೂತ ಗ್ರಾಹಕರಿಗೂ ಯೂಸ್‌ನೆಟ್ ತೆರೆದವು. ಬರುವವರ ಸಾಲು ನಿಲ್ಲಲೇ ಇಲ್ಲ. 1993ರ ಆ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲ ಎಂದು ಹಳಬರು ಈಗಲೂ ಹೇಳುತ್ತಾರೆ.

ಆ ಹೊಸಬರು ಹಿಂದಿನವರಿಗಿಂತ ಕೆಟ್ಟವರಾಗಿದ್ದರೇ? ನನಗೆ ಹಾಗನ್ನಿಸುವುದಿಲ್ಲ. ಕಲಿಸುವವರು ಇದ್ದಷ್ಟೇ ಇದ್ದರು. ಒಂದು ತಂಡ ಕಲಿತು ಮುಗಿಸಿ, ಮುಂದಿನವರಿಗೆ ಹೇಳಿಕೊಡುವಷ್ಟು ಬಿಡುವೇ ಸಿಗಲಿಲ್ಲ. ಬಳಗದ ನಡೆನುಡಿ ನಿಯಮದ ಹಾಳೆಯಲ್ಲಿ ಇರುವುದಿಲ್ಲ ಅಲ್ವಾ? ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿಯುವುದು ಅದು.

ಇಂಗ್ಲಿಷ್ ವಿಕಿಪೀಡಿಯದ ಪಾಡು ಇನ್ನೂ ಹತ್ತಿರದ್ದು. 2001ರಲ್ಲಿ ಶುರುವಾಗಿ, 2007ರ ಹೊತ್ತಿಗೆ ತಿಂಗಳಿಗೆ 50 ಸಾವಿರ ಸಕ್ರಿಯ ಸಂಪಾದಕರನ್ನು ಮುಟ್ಟಿತು. ಜನರ ಜೊತೆ ಕಿಡಿಗೇಡಿತನವೂ ಬಂತು. ಅದನ್ನು ತಡೆಯಲು ಹಳಬರು ಬಾಟ್‌ಗಳನ್ನೂ (ತಾವಾಗಿಯೇ ಕೆಲಸ ಮಾಡುವ ಪ್ರೋಗ್ರಾಂಗಳು) ಸಿದ್ಧ ಎಚ್ಚರಿಕೆಗಳನ್ನೂ ನೆಚ್ಚಿಕೊಂಡರು. ಒಂದು ಕ್ಲಿಕ್ಕಿಗೆ ಬರಹ ಅಳಿಸಬಹುದು. ಒಳ್ಳೆಯ ಮನಸ್ಸಿನಿಂದ ಬಂದವರ ಮೊದಲ ಪ್ರಯತ್ನವೂ ಹಾಗೇ ಅಳಿಸಿಹೋಯಿತು. ಅವರು ಮತ್ತೆ ಬರಲಿಲ್ಲ. ಸಂಶೋಧಕ ಏರನ್ ಹಾಫೇಕರ್ ಮತ್ತು ಜೊತೆಗಾರರು 2013ರ ಅಧ್ಯಯನದಲ್ಲಿ ತೋರಿಸಿದ್ದು ಇದನ್ನೇ. ಅಷ್ಟರಲ್ಲಿ ಸಂಪಾದಕರ ಸಂಖ್ಯೆ 30 ಸಾವಿರದ ಆಸುಪಾಸಿಗೆ ಇಳಿದಿತ್ತು. ಹೊಸಬರನ್ನು ಕಚ್ಚಬೇಡಿ ಎಂಬ ಮಾರ್ಗಸೂಚಿ ಅಲ್ಲಿ ಇದಕ್ಕೂ ಮೊದಲೇ ಇತ್ತು! 2012ರಲ್ಲಿ ವಿಕಿಪೀಡಿಯದವರು ಟೀಹೌಸ್ ಎಂಬ ಜಾಗ ತೆರೆದರು. ಹೊಸಬರು ಸಂಕೋಚವಿಲ್ಲದೆ ಕೇಳಬಹುದು, ಮನುಷ್ಯರೇ ಉತ್ತರಿಸುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲೇ ಆಗಬೇಕಿದ್ದ ಕೆಲಸ ಅದು.

ನಮ್ಮ ಕನ್ನಡ ವಿಕಿಪೀಡಿಯ 2003ರಿಂದ ಇದೆ. ಅದರ ಚರ್ಚೆಯ ಪುಟದ ಹೆಸರು ಅರಳಿ ಕಟ್ಟೆ. ಅಲ್ಲಿ ಕೊರತೆ ಜನರದ್ದೇ. ನಿಮ್ಮಲ್ಲಿಗೆ ಕರೆಯದೆಯೇ ಬರುತ್ತಿದ್ದಾರೆ. ಅದನ್ನು ಸುಮ್ನೆ ಕಳೆದುಕೊಳ್ಳಬೇಡಿ.

ನನ್ನ ಸಲಹೆ ಇಷ್ಟು. ಜಾಹೀರಾತು ಹಾಕುವವರ ಮೇಲೆ ದಯೆ ಬೇಡ, ತೆಗೆದುಹಾಕಿ. ಉಳಿದವರನ್ನು ತಿಂಗಳಿಗೊಂದು ತಂಡವಾಗಿ ಮಾತ್ರ ಸೇರಿಸಿಕೊಳ್ಳಿ. ಕೋರಿಕೆಗಳು ಕಾಯಲಿ, ಪರವಾಗಿಲ್ಲ. ಮಾತು ಬಿಟ್ಟ ಹಳಬರಿಗೆ ಫೋನ್ ಮಾಡಿ. ಎಲ್ಲಕ್ಕೂ ಉತ್ತರಿಸಿ ಅಂತ ಕೇಳಬೇಡಿ, ಜಾಸ್ತಿಯಾಗುತ್ತದೆ. ಟೊಮೆಟೊ ಗೊತ್ತಿದ್ದವರು ಟೊಮೆಟೊ ಪ್ರಶ್ನೆಗಳನ್ನಷ್ಟೇ ನೋಡಲಿ. ಹೋದ ತಿಂಗಳು ಸೇರಿದವರಲ್ಲಿ ಚೆನ್ನಾಗಿ ಉತ್ತರಿಸುವ ಇಬ್ಬರನ್ನು ಆರಿಸಿ, ಈ ತಿಂಗಳು ಬಂದವರನ್ನು ಅವರ ಕೈಗೆ ಒಪ್ಪಿಸಿ.